ತಪ್ಪು ಮಾಡಲು ಜಾಗ ಸಾಲದು: ಸರಳರೇಖೆಯ ಸಮೀಕರಣದ ಮೇಲೆ ಒಂದು ದೂರು

ಗ್ರಾಫ್ ಹಾಳೆಯ ನಾಲ್ಕೂ ಮೂಲೆಗಳಿಂದ ಬಂದು ನೆರೆದಿರುವ ಧನ ಸಂಖ್ಯೆಗಳೇ, ಋಣ ಸಂಖ್ಯೆಗಳೇ, ಆ ಪಕ್ಷಕ್ಕೂ ಈ ಪಕ್ಷಕ್ಕೂ ಸೇರದೆ ನಟ್ಟನಡುವೆ ಅಧ್ಯಕ್ಷರಂತೆ ಗುಂಡಗೆ ಕುಳಿತಿರುವ ಸೊನ್ನೆಯವರೇ, ಕುರ್ಚಿ ಸಾಲದೆ ಒಬ್ಬರ ತಲೆಯ ಮೇಲೊಬ್ಬರು ಕುಳಿತೇ ಬಂದಿರುವ ಭಿನ್ನರಾಶಿಗಳೇ, ಒಳಗೆ ಬರಲೋ ಬೇಡವೋ ಎಂದು ಬಾಗಿಲ ಬಳಿ ನಿಂತು ಮುಗಿಯದ ದಶಾಂಶಗಳಲ್ಲಿ ಯೋಚಿಸುತ್ತಿರುವ ವರ್ಗಮೂಲಗಳೇ, ತಮ್ಮೆಲ್ಲರಿಗೂ ಈ ಬಡ ಗುಮಾಸ್ತನ ನಮಸ್ಕಾರಗಳು. ಈ ಸಭೆಯನ್ನು ಕರೆದ ಉದ್ದೇಶವೇನೆಂದರೆ, ತಮ್ಮ ಬಳಗದವರೇ ಆದ, ನೋಡಲು ನೆಟ್ಟಗಿರುವ, ನಡೆಯಲ್ಲಿ ಮಾತ್ರ ನನ್ನ ಮನೆಯನ್ನು ತಲೆಕೆಳಗು ಮಾಡಿರುವ ಒಬ್ಬರ ಮೇಲೆ ನಾನು ಬಹಿರಂಗವಾಗಿ ದೂರು ಕೊಡಬೇಕಾಗಿದೆ. ಸಾಕ್ಷಿಗಳಿಲ್ಲದ ದೂರು ನಮ್ಮ ಕಚೇರಿಯಲ್ಲಿ ನೇರವಾಗಿ ಕಪಾಟು ಸೇರುತ್ತದೆ. ಹಾಗಾಗಿ ತಾವೆಲ್ಲ ದಯಮಾಡಿ ಎದ್ದು ಹೋಗದೆ ಕೇಳಿಸಿಕೊಳ್ಳಬೇಕು. ನಡುವೆ ಆಕಳಿಸುವವರು ಬಾಯಿಗೆ ಆವರಣ ಚಿಹ್ನೆ ಹಾಕಿಕೊಂಡು ಆಕಳಿಸಬಹುದು.

ಮಾನ್ಯ ಸರಳರೇಖೆಯ ಸಮೀಕರಣದವರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಎರಡು ತುದಿಗಳೂ ಕೊನೆಯೇ ಇಲ್ಲದಷ್ಟು ದೂರ ಚಾಚಿರುವುದರಿಂದ ಯಾವ ತುದಿಗೆ ಬಂದು ಯೋಗಕ್ಷೇಮ ವಿಚಾರಿಸಬೇಕೆಂದು ತಿಳಿಯದೆ, ನಡುವೆ ಎಲ್ಲೋ ಒಂದು ಕಡೆ ನಿಂತು ಕೈಮುಗಿಯುತ್ತಿದ್ದೇನೆ. y = mx + c ಎಂಬ ತಮ್ಮ ಶುಭನಾಮವನ್ನು ಶಾಲೆಯಲ್ಲಿ ಮೊದಲು ಕೇಳಿದಾಗ ಅದು ಯಾವುದೋ ದೂರದ ರೈಲು ನಿಲ್ದಾಣದ ಸಂಕೇತವೆಂದು ತಿಳಿದು, ನಾವು ಅತ್ತ ಹೋಗುವ ಪ್ರಸಂಗವೇ ಬರಲಾರದೆಂದು ನೆಮ್ಮದಿಯಾಗಿದ್ದವನು ನಾನು. ಆ ನೆಮ್ಮದಿಯನ್ನು ಇಷ್ಟು ವರ್ಷ ಮುಟ್ಟದೆ ಬಿಟ್ಟಿದ್ದಕ್ಕೆ ಮೊದಲು ಧನ್ಯವಾದ, ಆಮೇಲೆ ಬಂದು ಮುಟ್ಟಿದ್ದಕ್ಕೆ ಈ ದೂರು.

ನನ್ನ ಪರಿಚಯ ಹೇಳಿಕೊಳ್ಳುವುದು ವಾಡಿಕೆ. ನಾನು ಅಳತೆ ಕಚೇರಿಯ ದಾಖಲೆ ಕೋಣೆಯಲ್ಲಿ ಗುಮಾಸ್ತ. ಕನ್ನಡ ಮಾಧ್ಯಮದಲ್ಲೇ ಓದಿ, ಸಾಹಿತ್ಯದಲ್ಲಿ ಪದವಿ ಪಡೆದು, ಪ್ರಾಸ ಸಿಕ್ಕಿದಲ್ಲಿ ಊಟ ಬಿಟ್ಟು ನಿಲ್ಲುವ ಜಾತಿಯವನು. ಬೇರೆಯವರ ಜಾಗದ ನಕ್ಷೆಗಳನ್ನು ಸುರುಳಿ ಸುತ್ತಿ ತಗಡಿನ ಕೊಳವೆಗೆ ತುಂಬುವುದು, ಕೇಳಿದವರಿಗೆ ಬಿಚ್ಚಿ ತೋರಿಸುವುದು, ಮತ್ತೆ ಸುತ್ತಿ ತುಂಬುವುದು, ಇಷ್ಟರಲ್ಲೇ ತಲೆ ಅರ್ಧ ನರೆತಿದೆ. ನಕ್ಷೆಯ ತುಂಬ ತಾವೇ ಇದ್ದಿರಿ, ನಿಜ. ಆದರೆ ಅಲ್ಲಿ ತಾವು ಬರೀ ಗೆರೆ. ಗೆರೆಗೊಂದು ಸಮೀಕರಣ ಇರುತ್ತದೆಂದು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ, ಎಷ್ಟೋ ಮನೆಗಳಲ್ಲಿ ಬಾಡಿಗೆದಾರನ ಪೂರ್ಣ ಹೆಸರನ್ನು ಯಾರೂ ಕೇಳದ ಹಾಗೆ.

ಹೀಗಿರಲು ನಮ್ಮ ಸಾಹೇಬರು ಒಂದು ಮಧ್ಯಾಹ್ನ ದಾಖಲೆ ಕೋಣೆಗೆ ಬಂದು, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ, “ಇಲಾಖೆ ಪರೀಕ್ಷೆ ಬರಿತೀರೇನ್ರೀ? ಪಾಸಾದ್ರೆ ಅಳತೆಗಾರ, ಹೊರಗಡೆ ಗಾಳಿ ಬೆಳಕು. ಇಲ್ದಿದ್ರೆ ಈ ಕೊಳವೆಗಳ ಜೊತೇನೇ ನಿಮ್ಮನ್ನೂ ಸುತ್ತಿ ಒಳಗಿಡ್ತೀವಿ” ಎಂದು ತಮಾಷೆಯೋ ಆದೇಶವೋ ತಿಳಿಯದ ಒಂದು ಮಾತು ಹೇಳಿ ಹೋದರು. ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ಒಂದಿದೆ. ಆ ಪತ್ರಿಕೆಯಲ್ಲಿ ತಾವಿದ್ದೀರಿ. ಬೇರೆ ಪ್ರಶ್ನೆಗಳು ಬರಬಹುದು, ಬರದಿರಬಹುದು. ತಾವು ಮಾತ್ರ ಬಂದೇ ಬರುತ್ತೀರೆಂದು, ಕರೆಯದಿದ್ದರೂ ಮದುವೆಗೆ ಬರುವ ಸಂಬಂಧಿಕರ ಬಗ್ಗೆ ಹೇಳುವ ದನಿಯಲ್ಲಿ, ಹಿಂದಿನ ವರ್ಷ ಫೇಲಾದವರು ಎಚ್ಚರಿಸಿದರು.

ಇಲ್ಲಿಗೆ ಕಚೇರಿಯ ಸಂಗತಿ ಸಾಕು. ನನ್ನ ನಿಜವಾದ ದೂರು ಮನೆಯದು.

ನಮ್ಮ ಮನೆಯಲ್ಲಿ ಮೂವರು: ನಾನು, ನನ್ನ ಹೆಂಡತಿ, ಮತ್ತು ಅವಳ ತಾಯಿ, ಅಂದರೆ ನನ್ನ ಅತ್ತೆ. ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನನ್ನ ಮದುವೆಯ ಮಾತುಕತೆಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ, “ಗಣಿತದಲ್ಲಿ ಎಷ್ಟು ಬಂದಿತ್ತು?” ಅದಕ್ಕೆ ನಾನು ಕೊಟ್ಟ “ಪಾಸಿಗೆ ಬೇಕಾದಷ್ಟು, ಮೋಸಕ್ಕೆ ಸಾಲದಷ್ಟು” ಎಂಬ ಉತ್ತರಕ್ಕೆ ಎಲ್ಲರೂ ನಕ್ಕರೂ ಅತ್ತೆ ನಗಲಿಲ್ಲ. ಆ ಮೇಲೆ ನಾವಿಬ್ಬರೂ ತಮ್ಮ ಶಾಸ್ತ್ರದಲ್ಲಿ ಹೇಳುವ ಸಮಾಂತರ ರೇಖೆಗಳ ಹಾಗೆ, ಒಂದೇ ದಿಕ್ಕಿಗೆ, ಒಂದೇ ಅಂತರದಲ್ಲಿ, ಬಹಳ ಗೌರವದಿಂದ ಸಾಗಿದ್ದೆವು. “ಬನ್ನಿ ಅಳಿಯಂದ್ರೇ.” “ಹ್ಞೂಂ ಅತ್ತೆ.” “ಊಟ ಆಯ್ತಾ?” “ಆಯ್ತು ಅತ್ತೆ.” ಇಷ್ಟು ನಮ್ಮ ಸಂಭಾಷಣೆಯ ಒಟ್ಟು ಉದ್ದ.

ನಿವೃತ್ತಿಯಾಗಿ ನಮ್ಮ ಮನೆಗೆ ಬಂದ ಮೇಲೆ ಅತ್ತೆ ಅದನ್ನೂ ನಿಲ್ಲಿಸಿದರು. ಜಗಳವಲ್ಲ, ಕಾಯಿಲೆಯಲ್ಲ, ಕೋಪವಂತೂ ಅಲ್ಲವೇ ಅಲ್ಲ. ಒಂದು ತರಗತಿಯಿಂದ ಇನ್ನೊಂದು ತರಗತಿಗೆ ಹೋಗುತ್ತಲೇ ಇಡೀ ಆಯುಷ್ಯ ಕಳೆದವರಿಗೆ ಗಂಟೆ ಹೊಡೆಯುವುದು ನಿಂತುಹೋಗಿತ್ತು, ಅಷ್ಟೆ. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ತಮಾಷೆಗೆಂದು ಕೊಟ್ಟ ಬಣ್ಣದ ಸೀಮೆಸುಣ್ಣದ ಪೆಟ್ಟಿಗೆಯನ್ನು ಅಂಟುಪಟ್ಟಿಯನ್ನೂ ಬಿಚ್ಚದೆ ಮಂಚದ ಕೆಳಗಿಟ್ಟು, ತಮ್ಮ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಎದುರು ಗೋಡೆಯನ್ನು ನೋಡುತ್ತ ಕೂರುತ್ತಿದ್ದರು. “ಹೂಂ”, “ಬೇಡ”, “ಆಯ್ತು”, ಈ ಮೂರರಲ್ಲಿ ಅವರ ದಿನ ಮುಗಿಯುತ್ತಿತ್ತು. ನನ್ನ ಹೆಂಡತಿ ದಂತವೈದ್ಯರೊಬ್ಬರ ಬಳಿ ಸಹಾಯಕಿ. ದಿನವಿಡೀ ಬಾಯಿ ತೆರೆದವರನ್ನೇ ನೋಡಿ ಮನೆಗೆ ಬಂದರೆ ಬಾಯಿ ತೆರೆಯದ ಅಮ್ಮ. “ರೀ, ಅಮ್ಮ ಹೀಗೇ ಇದ್ರೆ ಒಂದಿನ ಮಾತೇ ಮರೆತುಬಿಡ್ತಾಳೆ” ಎಂದು ಅವಳು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಹೇಳುತ್ತಿದ್ದಳು.

ಆದರೆ ಮಾನ್ಯರೇ, ಆ ಮೌನದಲ್ಲಿ ನನಗೆ ಎಷ್ಟು ಅನುಕೂಲವಿತ್ತೆಂಬುದನ್ನು ತಾವು ಗಮನಿಸಬೇಕು. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಯಾರೂ ಮಧ್ಯೆ ಬಾಯಿ ಹಾಕದೆ ಓದುತ್ತಿದ್ದೆ. ಕಾಲು ಚಾಚಿದರೆ ಚಾಚಿದಲ್ಲೇ ಇರುತ್ತಿತ್ತು. ಅಂಥ ಮನೆಗೆ ತಾವು ನುಗ್ಗಿದಿರಿ.

ಒಂದು ಸಂಜೆ ನಾನು ಊಟದ ಮೇಜಿನ ಮೇಲೆ ಗೈಡು ಬಿಚ್ಚಿಟ್ಟುಕೊಂಡು, (1, 2) ಮತ್ತು (3, 8) ಎಂಬ ಎರಡು ಬಿಂದುಗಳ ಮೂಲಕ ಹಾದುಹೋಗುವ ತಮ್ಮನ್ನು ಹುಡುಕುತ್ತಿದ್ದೆ. ನನಗೆ ಜೋರಾಗಿ ಓದದಿದ್ದರೆ ಅರ್ಥವಾಗುವುದಿಲ್ಲ, ಜೋರಾಗಿ ಓದಿದರೂ ಆಗುವುದಿಲ್ಲ, ಆದರೆ ಆಗುತ್ತಿದೆ ಎಂಬ ಭಾವನೆ ಬರುತ್ತದೆ. “ಮೂರರಿಂದ ಒಂದು ಕಳೆದರೆ ಎರಡು, ಎಂಟರಿಂದ ಎರಡು ಕಳೆದರೆ ಆರು, ಎರಡನ್ನು ಆರರಿಂದ ಭಾಗಿಸಿದರೆ ಇಳಿಜಾರು ಮೂರನೇ ಒಂದು” ಎಂದು ಘೋಷಿಸಿದೆ. ಬಾಗಿಲ ಕಡೆಯಿಂದ ಒಂದು ದನಿ ಬಂತು.

“ತಲೆಕೆಳಗು.”

ನಾನು ರೇಡಿಯೋ ಎಂದುಕೊಂಡು ಆರಿಸಲು ಎದ್ದೆ. ರೇಡಿಯೋ ಆರಿಯೇ ಇತ್ತು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. “ಏರಿದ್ದು ಮೇಲೆ, ಸರಿದಿದ್ದು ಕೆಳಗೆ. ಆರು ಭಾಗಿಸು ಎರಡು. ಇಳಿಜಾರು ಮೂರು. ನಿಮಗೆ ಇದನ್ನ ಯಾರು ಕಲಿಸಿದ್ದು ಅಳಿಯಂದ್ರೇ? ಅವರ ವಿಳಾಸ ಇದೆಯಾ?” ಎಂದು ಅತ್ತೆ, ತಿಂಗಳುಗಳಿಂದ ಕೂಡಿಟ್ಟಿದ್ದ ಮಾತನ್ನೆಲ್ಲ ಒಂದೇ ಉಸಿರಿನಲ್ಲಿ ಖರ್ಚು ಮಾಡಿ, ಎದ್ದು ಒಳಗೆ ಹೋದರು. ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದ ಸದ್ದು ಕೇಳಿಸಿತು.

ಆ ಮೇಲೆ ನಡೆದದ್ದಕ್ಕೆಲ್ಲ ತಾವೇ ಹೊಣೆ. ನಮ್ಮ ಹಾಲಿನ ನೆಲಕ್ಕೆ ಚೌಕ ಟೈಲ್ಸ್ ಹಾಕಿಸಿದ್ದೇವೆ. ಅದನ್ನು ನಾವು ಇಷ್ಟು ದಿನ ನೆಲ ಎಂದು ತಿಳಿದಿದ್ದೆವು. ಅತ್ತೆ ಅದನ್ನು ಒಮ್ಮೆ ನೋಡಿ, “ಗ್ರಾಫ್ ಹಾಳೆ ಮೇಲೆ ಓಡಾಡ್ಕೊಂಡು ಗ್ರಾಫ್ ಬರಲ್ಲ ಅಂತೀರಲ್ಲ” ಎಂದು ಹೇಳಿ, ಊಟದ ಮೇಜಿನ ಅಡುಗೆಮನೆ ಕಡೆಯ ಎಡಗಾಲನ್ನು ಮೂಲಬಿಂದುವೆಂದು ಸಾರಿದರು. ಅಲ್ಲಿಂದ ಬೀದಿ ಬಾಗಿಲಿಗೆ ಹೋಗುವ ಸಾಲು x-ಅಕ್ಷ. ಅಲ್ಲಿಂದ ಅವರ ಕೋಣೆಗೆ ಹೋಗುವ ಸಾಲು y-ಅಕ್ಷ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಮಾಮೂಲಿ ಜಾಗವಿಲ್ಲ. ಸ್ಟೀಲ್ ಲೋಟ (1, 2)ರಲ್ಲಿ, ಉಪ್ಪಿನ ಡಬ್ಬ (3, 8)ರಲ್ಲಿ. ಅವೆರಡರ ನಡುವೆ ತಾವು, ಮಹಡಿಯಿಂದ ಬಿಚ್ಚಿ ತಂದ ಬಟ್ಟೆ ಒಣಹಾಕುವ ಹಗ್ಗದ ರೂಪದಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಬಿಗಿದುಕೊಂಡು, ಅನಂತಕ್ಕೆ ಹೋಗಲಾಗದ ಸಂಕಟವನ್ನು ಮುಖದಲ್ಲಿ ತೋರಿಸದೆ ಮಲಗಿದ್ದೀರಿ. ತಮ್ಮ ಶಯನದ ಕಾರಣದಿಂದ ನನ್ನ ಅಂಗಿಗಳು ಈಗ ಕುರ್ಚಿಯ ಬೆನ್ನ ಮೇಲೆ ಒಣಗುತ್ತಿದ್ದು, ಕಚೇರಿಯಲ್ಲಿ ನನ್ನ ಎರಡೂ ಭುಜಗಳು ಕುರ್ಚಿಯ ಆಕಾರದಲ್ಲಿ ಉಬ್ಬಿರುತ್ತವೆ. ಸಾರಿಗೆ ಉಪ್ಪು ಕಡಿಮೆಯಾದರೆ ನನ್ನ ಹೆಂಡತಿ ಸೌಟು ಹಿಡಿದೇ ಬಂದು, “ಅಮ್ಮಾ, ಮೂರು ಎಂಟನ್ನ ಒಂದು ನಿಮಿಷ ತಗೊಳ್ಲಾ?” ಎಂದು ಕೇಳುತ್ತಾಳೆ. “ತಗೋ, ಆದ್ರೆ ಅಲ್ಲೇ ಇಡು. ಎರಡು ಎಂಟಕ್ಕೆ ಇಟ್ಟೀಯ, ಅಳಿಯಂದ್ರು ಪಾಪ ಇಡೀ ರಾತ್ರಿ ತಡಕಾಡ್ತಾರೆ” ಎಂದು ಉತ್ತರ ಬರುತ್ತದೆ. ಚಪ್ಪಲಿ ಬಿಡುವುದಕ್ಕೆ ಕೂಡ x-ಅಕ್ಷವನ್ನು ಬಳಸದೆ, y ಋಣವಾಗುವ ಬದಿಯಲ್ಲಿ ಬಿಟ್ಟು ಬರಬೇಕೆಂದು ನಿಯಮವಾಗಿದೆ.

ಇನ್ನು ತಮ್ಮ ಸ್ವಭಾವದ ಕುರಿತು ಒಂದೆರಡು ಮಾತು. ತಮ್ಮ ಹೆಸರಿನಲ್ಲಿರುವ m ಎಂಬವರನ್ನು ಇಳಿಜಾರು ಎಂದು ಕರೆಯುತ್ತಾರೆ. ಹತ್ತುವಾಗಲೂ ಅವರು ಇಳಿಜಾರೇ. c ಎಂಬವರು ತಾವು y-ಅಕ್ಷವನ್ನು ಕತ್ತರಿಸುವ ಜಾಗ, ಅಂದರೆ x ಇನ್ನೂ ಹೊಸ್ತಿಲು ದಾಟಿ ಒಳಗೆ ಬರುವ ಮೊದಲೇ ಮನೆಯಲ್ಲಿ ಬೀಡುಬಿಟ್ಟಿರುವವರು. ಈ ಇಬ್ಬರು ಗೊತ್ತಾದರೆ ತಾವು ಗೊತ್ತಾದಂತೆ. ಎಂಥ ಘನತೆ! ನನ್ನಂಥವನನ್ನು ಗುರುತಿಸಲು ಕಚೇರಿಗೆ ಹೆಸರು, ತಂದೆಯ ಹೆಸರು, ವಿಳಾಸ, ಫೋಟೋ, ಎಡಗೆನ್ನೆಯ ಮಚ್ಚೆ ಎಲ್ಲ ಬೇಕು. ಆದಿಯೂ ಅಂತ್ಯವೂ ಇಲ್ಲದ ತಮಗೆ ಎರಡು ಅಕ್ಷರ ಸಾಕು. ಇದನ್ನು ಮೆಚ್ಚಿ ನಾನೊಂದು ಪದ್ಯವನ್ನೇ ಕಟ್ಟಿದೆ:

ಏರಿದ್ದೆಷ್ಟು ನೋಡಿ ಇಡು,
ಸರಿದದ್ದೆಷ್ಟೋ ಕೆಳಗೆ ಬಿಡು,
ಭಾಗಿಸಿ ಬಂದ m ಅನು ಹಿಡಿ,
c ಸಿಗದಿದ್ದರೆ ಅತ್ತೆಗೆ ನುಡಿ.

ಇದನ್ನು ಹಾಡಿ ತೋರಿಸಿ, ಕೆಳಗೇ ಬರೆದ ನನ್ನ ಉತ್ತರವನ್ನೂ ತೋರಿಸಿದಾಗ ಅತ್ತೆ ಕನ್ನಡಕದ ಮೇಲಿನಿಂದ ನೋಡಿ, “ಪ್ರಾಸ ಸರಿ ಇದೆ, ಉತ್ತರ ತಪ್ಪಿದೆ” ಎಂದರು. ನನ್ನ ಸಾಹಿತ್ಯ ಜೀವನದಲ್ಲಿ ಇಷ್ಟು ಸಮತೋಲನದ ವಿಮರ್ಶೆ ಇನ್ನೊಂದು ಬಂದಿಲ್ಲ.

ಇಲ್ಲಿ ಅತ್ತೆಯ ಕಲಿಸುವ ಕ್ರಮವನ್ನು ತಮಗೆ ವಿವರಿಸುವುದು ಅಗತ್ಯ, ಏಕೆಂದರೆ ನನ್ನ ದೂರಿನ ಬೇರು ಅಲ್ಲಿದೆ. ಲೆಕ್ಕದ ಉತ್ತರಕ್ಕೆ ‘ಸರಿ’ ಎಂಬ ಮಾತನ್ನು ಅವರು ಹೇಳುವುದಿಲ್ಲ. ಮೊದಲಿನಿಂದಲೂ ಯಾರಿಗೂ ಹೇಳಿದವರಲ್ಲವಂತೆ. ಉತ್ತರ ಸರಿಯಾದರೆ ಎರಡೂ ಕೈಯ ಸುಣ್ಣದ ಪುಡಿ ಕೊಡವಿ, ಮಾತಿಲ್ಲದೆ ಮುಂದಿನ ಲೆಕ್ಕ ಕೊಡುತ್ತಾರೆ. ಉತ್ತರ ತಪ್ಪಾದರೆ ಮಾತ್ರ ಮಾತು. ಅದೂ ಎಂಥ ಮಾತು! c ಯ ಚಿಹ್ನೆ ತಪ್ಪಿಸಿದ ದಿನ, ಮೈನಸ್ ಚಿಹ್ನೆಯನ್ನು ನೋಡಿದರೆ ಅಳುತ್ತಿದ್ದ, ಈಗ ಹಡಗಿನಲ್ಲಿ ಅಡುಗೆ ಮಾಡುವ ಹುಡುಗಿಯೊಬ್ಬಳ ಕತೆ ಬಂತು. ನೆಟ್ಟಗೆ ನಿಂತ ರೇಖೆಯ ಇಳಿಜಾರು ಸೊನ್ನೆ ಎಂದು ನಾನು ಬರೆದಾಗ, “ಸೊನ್ನೆ ಅಂದ್ರೆ ಮಲಗಿದೆ ಅಂತ. ಇದು ನಿಂತಿದೆ. ಗೋಡೆ ಹತ್ತೋಕಾಗುತ್ತಾ ನಿಮಗೆ? ಹತ್ತಿ ನೋಡೋಣ” ಎಂದು ನನ್ನನ್ನು ನಿಜವಾಗಿ ಗೋಡೆಯ ಬಳಿಗೆ ಕಳಿಸಿ, ನಾನು ಒಂದು ಕಾಲೆತ್ತಿ ನಿಂತಿರುವಾಗಲೇ ಒಬ್ಬ ಇನ್ಸ್‌ಪೆಕ್ಟರರ ಪ್ರಸಂಗ ತೆಗೆದರು: “ತಪಾಸಣೆಗೆ ಬಂದಿದ್ರು. ನಂಗೇ ಪಾಠ ಹೇಳ್ಕೊಡೋಕೆ ಹೋಗಿ ಸ್ಕೇಲ್ ಇಲ್ದೆ ಬೋರ್ಡಿನ ಮೇಲೆ ಗೆರೆ ಎಳೆದ್ರು. ಡೊಂಕು. ಮಕ್ಕಳೆಲ್ಲ ನನ್ನೇ ನೋಡ್ತಿದಾರೆ. ನಾನೇನೂ ಅನ್ಲಿಲ್ಲಪ್ಪ. ಡಸ್ಟರ್ ಕೊಟ್ಟೆ, ಅಷ್ಟೇ.” ಅವರು ಇದನ್ನು ಹೇಳಿ ನಕ್ಕಾಗ ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ನನ್ನ ಹೆಂಡತಿ ಕೈಯಲ್ಲಿದ್ದುದನ್ನು ಕೈಬಿಟ್ಟಿದ್ದಳು.

ಹಾಗೆಯೇ ಒಂದು ದಿನ, ಮೇಲಿನ ಸಾಲಿನಲ್ಲಿ ಎರಡನೆಯ ಬಿಂದುವಿನಿಂದ ಮೊದಲನೆಯದನ್ನೂ ಕೆಳಗಿನ ಸಾಲಿನಲ್ಲಿ ಮೊದಲನೆಯದರಿಂದ ಎರಡನೆಯದನ್ನೂ ಕಳೆದು, ಹತ್ತಬೇಕಾದ ತಮ್ಮನ್ನು ನಾನು ಇಳಿಸಿಬಿಟ್ಟಾಗ, ಅತ್ತೆ ಸೀಮೆಸುಣ್ಣವನ್ನು ನೆಲಕ್ಕೆ ಕುಟ್ಟಿ, “ಲೋ ದಡ್ಡ ಶಿಖಾಮಣಿ, ಶುರು ಮಾಡಿದ ಕಡೆಯಿಂದಲೇ ಎರಡೂ ಸಲ ಶುರು ಮಾಡೋ” ಎಂದರು. ಹೇಳಿದವರೇ ಹೌಹಾರಿ ಬಾಯಿಗೆ ಕೈ ಇಟ್ಟುಕೊಂಡರು. ಕೈಯ ಸುಣ್ಣವೆಲ್ಲ ಮೂಗಿಗೆ ಮೆತ್ತಿತು. ಮದುವೆಯಾದಂದಿನಿಂದ ಬಹುವಚನದಲ್ಲಿ ನರಳಿದ್ದ ನಾನು ಆ ಏಕವಚನಕ್ಕೆ ಎಷ್ಟು ಹಿಗ್ಗಿದೆನೆಂದರೆ ಮರುದಿನ ಅದೇ ತಪ್ಪನ್ನು ಮತ್ತೊಮ್ಮೆ ಮಾಡಿ ನೋಡಿದೆ. “ನಿನ್ನೆ ತಾನೇ ಹೇಳಿದೆನಲ್ಲ ಅಳಿಯಂದ್ರೇ” ಎಂದಷ್ಟೇ ಬಂತು. ಒಮ್ಮೆ ಮಾಡಿದ ತಪ್ಪಿಗೆ ಎರಡನೆಯ ಸಲ ಬೆಲೆಯಿಲ್ಲವೆಂದು ತಿಳಿಯಿತು.

ಮೇಜಿನ ಪ್ರಕರಣವನ್ನು ಹೇಳದಿದ್ದರೆ ಈ ದೂರು ಪೂರ್ತಿಯಾಗುವುದಿಲ್ಲ. ಅದೊಂದು ಸಂಜೆ ಅತ್ತೆ, “ಹಳೇದನ್ನ ಮರೆತಿಲ್ಲ ತಾನೇ? ಆ ಲೋಟ, ಆ ಡಬ್ಬ, ಸಮೀಕರಣ ಹೇಳಿ” ಎಂದು ಕೇಳಿದರು. ನಾನು ಮೇಜಿನ ಕಾಲಿನಿಂದ ಟೈಲ್ಸ್ ಎಣಿಸಿಕೊಂಡು ಹೋಗಿ y = 3x – 2 ಎಂದೆ. “ಮೈನಸ್ ಒಂದು” ಎಂದರು ಕುರ್ಚಿಯಿಂದಲೇ. “ಮೈನಸ್ ಎರಡು ಅತ್ತೆ” ಎಂದೆ. “ನಿಮಗೆ ಒಂದು ಎರಡು ಎಣಿಸೋಕೂ ಬರಲ್ವಾ ಈಗ?” “ನೀವೇ ಬಂದು ಎಣಿಸಿ.” ಹೀಗೆ ಮಾತಿಗೆ ಮಾತು ಬೆಳೆದು, ನಮ್ಮಿಬ್ಬರ ಇತಿಹಾಸದ ಮೊಟ್ಟಮೊದಲ ಜಗಳವು ಒಂದೇ ಒಂದು ಸಂಖ್ಯೆಯ ವ್ಯತ್ಯಾಸಕ್ಕಾಗಿ ನಡೆದುಹೋಯಿತು. ಅತ್ತೆ ಎದ್ದು ಬಂದರು, ಬಗ್ಗಿದರು, ಎಣಿಸಿದರು. ಮತ್ತೆ ಎಣಿಸಿದರು. ಮೈನಸ್ ಎರಡೇ. ಅವರ ಮುಖದಿಂದ ಏನೋ ಇಳಿದುಹೋಯಿತು. ಅಷ್ಟು ಹೊತ್ತಿಗೆ ನನ್ನ ಹೆಂಡತಿ ಪೊರಕೆ ಹಿಡಿದು ಬಂದು, “ಅಯ್ಯೋ, ಮೇಜನ್ನ ನಾನೇ ಅಮ್ಮಾ ಒಂದು ಟೈಲ್ ನಿನ್ನ ಕೋಣೆ ಕಡೆ ಸರಿಸಿದ್ದು. ಗುಡಿಸೋಕೆ. ವಾಪಸ್ ಇಡೋಕೆ ಮರೆತೆ” ಎಂದಳು.

ಅತ್ತೆ ಹಗ್ಗವನ್ನೇ ನೋಡುತ್ತ ನಿಂತರು. ಇನ್ನೇನು ಕೋಣೆಗೆ ಹೋಗುತ್ತಾರೆ, ಕುರ್ಚಿ ಗೋಡೆಗೆ ಮುಖ ಮಾಡುತ್ತದೆ, ನಾಳೆಯಿಂದ ಮತ್ತೆ ಹೂಂ, ಬೇಡ, ಆಯ್ತು ಎಂದು ನನಗೂ ನನ್ನ ಹೆಂಡತಿಗೂ ಒಂದೇ ಸಲ ಅನ್ನಿಸಿ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಗ ಅತ್ತೆ ಹೇಳಿದರು, “m ನೋಡ್ರೋ. m ಹಾಗೇ ಇದೆ. ಮೂರು ಅಂದ್ರೆ ಮೂರೇ.” ಆಮೇಲೆ ಪೊರಕೆಯನ್ನು ಮಗಳ ಕೈಯಿಂದ ತೆಗೆದು ಗೋಡೆಗೆ ಒರಗಿಸಿ, “ಮೂಲ ಸರಿಸಿದ್ರೆ c ಬದಲಾಗುತ್ತೆ ಕಣೇ. ಆಗ್ಲೇಬೇಕಲ್ಲ. ಗೆರೆ ಎಲ್ಲಿಗೆ ಹೋಗುತ್ತೆ? ಅದು ಇದ್ದ ಹಾಗೇ ಇರುತ್ತೆ” ಎಂದು ನಕ್ಕರು. ನಕ್ಕು, ಚಹಾ ಕೇಳಿದರು. ನಮ್ಮ ಮನೆಗೆ ಬಂದ ಮೇಲೆ ಅತ್ತೆ ತಮಗೆಂದು ಏನನ್ನಾದರೂ ಕೇಳಿದ್ದು ಅದೇ ಮೊದಲು. ನನ್ನ ಹೆಂಡತಿ ಚಹಾ ಮಾಡಲು ಹೋಗಿ ಬಹಳ ಹೊತ್ತು ಬರಲಿಲ್ಲ, ನಲ್ಲಿ ಮಾತ್ರ ಸುರಿಯುತ್ತಿತ್ತು.

ಮೇಜು ಈಗಲೂ ಆ ಹೊಸ ಜಾಗದಲ್ಲೇ ಇದೆ. ಸರಿಸಲು ಅತ್ತೆ ಬಿಟ್ಟಿಲ್ಲ.

ಇಷ್ಟೆಲ್ಲ ಅನರ್ಥಗಳಿಗೆ ಕಾರಣರಾದ ತಾವು, ಪರೀಕ್ಷೆ ಮುಗಿದ ಕೂಡಲೇ ನಮ್ಮ ಮನೆಯಿಂದ ಹೊರಟುಹೋಗುತ್ತೀರೆಂಬುದು ನನ್ನ ದೂರಿನ ಅತಿ ಗಂಭೀರ ಭಾಗ. “ಪಾಸಾದ ಮೇಲೆ ಇವರಿಗೆ ಪಾಠ ಬೇಡ. ಪಾಠ ಇಲ್ಲ ಅಂದ್ಮೇಲೆ ಅಮ್ಮಂಗೆ ಇವರ ಹತ್ರ ಏನು ಮಾತು?” ಎಂದು ನನ್ನ ಹೆಂಡತಿ, ನನ್ನ ಜೊತೆ ಮಾತಾಡುತ್ತಿರುವಾಗಲೂ ನನ್ನನ್ನು ‘ಇವರು’ ಮಾಡಿ, ಗೋಡೆಗೆ ಹೇಳಿದಳು. ಸದ್ಯಕ್ಕೆ ಇಲಾಖೆಯವರು ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಲೇ ಇದ್ದಾರೆ. ಮೊದಲು ಪ್ರಶ್ನೆಪತ್ರಿಕೆ ಅಚ್ಚಾಗಿಲ್ಲವೆಂದರು, ಆಮೇಲೆ ಕೊಠಡಿ ಸಿಕ್ಕಿಲ್ಲವೆಂದರು, ಈಗ ಮೇಲ್ವಿಚಾರಕರಿಗೆ ಹಲ್ಲುನೋವೆಂದಿದ್ದಾರೆ. ಪ್ರತಿ ಸಲ ನಾನು ಈ ಸುದ್ದಿಯನ್ನು ಜೋಲು ಮುಖ ಹಾಕಿಕೊಂಡು ತಿಳಿಸಿದಾಗ ಅತ್ತೆ, “ಎಂಥ ಇಲಾಖೆನಪ್ಪ ನಿಮ್ದು” ಎಂದು ಬೈದು, ಸೀಮೆಸುಣ್ಣ ಎತ್ತಿಕೊಳ್ಳುತ್ತಾರೆ.

ಆದರೆ ಮಾನ್ಯರೇ, ಇಲಾಖೆ ಎಷ್ಟು ಮುಂದೂಡಿದರೂ ತಾವೇ ಸಹಕರಿಸುತ್ತಿಲ್ಲ. ತಮ್ಮಲ್ಲಿ ತಪ್ಪು ಮಾಡಲು ಜಾಗವೇ ಸಾಲದು. m ತಲೆಕೆಳಗು ಮಾಡಿಯಾಯಿತು, c ಯ ಚಿಹ್ನೆ ತಿರುಗಿಸಿಯಾಯಿತು, ಕಳೆಯುವ ಕ್ರಮ ಕೆಡಿಸಿಯಾಯಿತು, ನಿಂತವರನ್ನು ಮಲಗಿಸಿ ಮಲಗಿದವರನ್ನು ನಿಲ್ಲಿಸಿಯಾಯಿತು, x ಇರುವಲ್ಲಿ y ಹಾಕಿಯಾಯಿತು. ಅದಕ್ಕೆ ಬಂದ “ಇವರಿಬ್ಬರೂ ಅವಳಿಜವಳಿನಾ, ಗುರುತು ಸಿಗದೆ ಹೋಗೋಕೆ?” ಎಂಬ ಮಾತಿನೊಂದಿಗೆ ನನ್ನ ದಾಸ್ತಾನು ಮುಗಿಯಿತು. ಇಷ್ಟು ದೊಡ್ಡ ಮನೆತನ, ಎರಡೂ ಕಡೆ ಅನಂತ ಆಸ್ತಿ, ಎಡವಲು ಮಾತ್ರ ನಾಲ್ಕೈದು ಕಲ್ಲು! ಇದು ಜಿಪುಣತನವಲ್ಲದೆ ಮತ್ತೇನು?

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ತಮ್ಮ ಹೆಸರಿಗೆ ಇನ್ನೂ ಒಂದಷ್ಟು ಅಕ್ಷರಗಳನ್ನು ಸೇರಿಸಿಕೊಳ್ಳಬೇಕು. ಕನ್ನಡ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಅಕ್ಷರಗಳು ಬೇಕಾದಷ್ಟಿವೆ, ನಾನೇ ಮಾತಾಡಿ ಕಳಿಸಿಕೊಡುತ್ತೇನೆ. ತಮ್ಮನ್ನು ಎಳೆಯಲು ಎರಡೇ ಬಿಂದುಗಳು ಸಾಕೆಂಬ ಅಗ್ಗದ ನಿಯಮವನ್ನು ರದ್ದುಮಾಡಿ, ಒಂದು ಹಾಲಿನ ನೆಲದಲ್ಲಿ ಹಿಡಿಯುವಷ್ಟಾದರೂ ಬಿಂದುಗಳು ಬೇಕೆಂದು ಸುತ್ತೋಲೆ ಹೊರಡಿಸಬೇಕು. ಆಗಾಗ್ಗೆ, ವಿಶೇಷವಾಗಿ ಸಂಜೆಯ ಹೊತ್ತು, ತಾವು ಕೊಂಚ ಬಳುಕಬೇಕು. ಸಾಧ್ಯವಿದ್ದರೆ ಹಿಂದಿನ ದಿನ ಮೂರಿದ್ದ m ಮರುದಿನ ಕಾರಣ ಹೇಳದೆ ರಜೆ ಹಾಕಿ, ತನ್ನ ಬದಲಿಗೆ ಸಂಬಂಧಿಯೊಬ್ಬನನ್ನು ಕಳಿಸುವಂತೆ ಏರ್ಪಾಡು ಮಾಡಬೇಕು. ನಮ್ಮ ಸಾಹೇಬರಂತೆ ಯಾವತ್ತೂ ಬಾಗದೆ ನಿಂತಿರುವ ರೇಖೆಗಳಿಗೂ, ನಿವೃತ್ತಿಯ ಹೊತ್ತಿಗಾದರೂ, ಒಂದು ಇಳಿಜಾರನ್ನು ದಯಪಾಲಿಸಬೇಕು. ಕೊನೆಯದಾಗಿ, ಸಮಾಂತರ ರೇಖೆಗಳು ಎಂದೂ ಸಂಧಿಸುವುದಿಲ್ಲವೆಂದು ತಮ್ಮ ಪುಸ್ತಕಗಳಲ್ಲಿ ಬರೆದಿರುವುದನ್ನು ತಿದ್ದಬೇಕು. ಒಂದು ಜೋಡಿ ನಮ್ಮ ಊಟದ ಮೇಜಿನ ಕಾಲಿನ ಬಳಿ ದಿನಾ ಸಂಧಿಸಿ ಜಗಳವಾಡುತ್ತಿದೆ. ಅನುಮಾನವಿದ್ದರೆ ತಾವೇ ಬಂದು ನೋಡಬಹುದು. ಹೇಗೂ ಅಲ್ಲೇ ಮಲಗಿದ್ದೀರಿ.

ಈ ಮನವಿಯನ್ನು ತಾವು ತಿರಸ್ಕರಿಸಿದಲ್ಲಿ, ಮಹಡಿಗೆ ಹಗ್ಗವನ್ನು ವಾಪಸು ಕಟ್ಟಿ ತಮ್ಮ ಮೇಲೆ ಒದ್ದೆ ಬಟ್ಟೆ ಹರವಬೇಕಾದೀತೆಂದು ಅತ್ಯಂತ ವಿನಯದಿಂದ ಎಚ್ಚರಿಸುತ್ತ,

ತಮ್ಮ ವಿಶ್ವಾಸಿ,
ಅಳತೆ ಕಚೇರಿಯ ದಾಖಲೆ ಕೋಣೆಯ ಗುಮಾಸ್ತ

ತಾಜಾ ಕಲಂ: ಮೇಲೆ ಬರೆದಿರುವ ಹುದ್ದೆ ಸುಳ್ಳು. ಪರೀಕ್ಷೆ ಯಾವತ್ತೋ ಮುಗಿಯಿತು. ಪಾಸಾಗಿದ್ದೇನೆ, ತಮ್ಮ ಪ್ರಶ್ನೆಗೆ ಪೂರ್ತಿ ಅಂಕ. ಮುಂದೂಡುತ್ತಿದ್ದ ಇಲಾಖೆ ನಾನೇ, ಮೇಲ್ವಿಚಾರಕರ ಹಲ್ಲುನೋವು ನನ್ನ ಹೆಂಡತಿ ಒದಗಿಸಿದ್ದು. ಈಗ ದಿನವಿಡೀ ಬಯಲಿನಲ್ಲಿ ಮೂರು ಕಾಲಿನ ಯಂತ್ರ ಹೂಡಿ ತಮ್ಮನ್ನು ತಪ್ಪಿಲ್ಲದೆ ಎಳೆದು, ಬೀದಿ ನಲ್ಲಿಯಲ್ಲಿ ಬೂಟು ತೊಳೆದುಕೊಂಡು ಮನೆಗೆ ಬಂದು, ಮೇಜಿನ ಮುಂದೆ ಕೂತು ತಪ್ಪು ಮಾಡುತ್ತೇನೆ. ಇವತ್ತು ಬೂಟು ತೊಳೆದೆ, ಪ್ಯಾಂಟಿನ ಅಂಚಿನ ಕೆಸರನ್ನು ನೋಡಲಿಲ್ಲ. ಅತ್ತೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನೆಲದ ಮೇಲಿದ್ದ ತಮ್ಮನ್ನು ಬಿಚ್ಚಿ, ಅದೇ ಹಗ್ಗದ ಒಂದು ತುದಿಯನ್ನು ಮೇಜಿನ ಕಾಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಸೀಮೆಸುಣ್ಣದ ಸಮೇತ ನನ್ನ ಕೈಗಿಟ್ಟು ಹೇಳಿದರು: “ನಾಳೆಯಿಂದ ವೃತ್ತ ಶುರು ಮಾಡೋಣ ಅಳಿಯಂದ್ರೇ. ಅದರಲ್ಲಿ ತಪ್ಪು ಮಾಡೋಕೆ ಜಾಗ ಜಾಸ್ತಿ ಇದೆ.”